ಹಾಯಿಗೆ ತೇಪೆ

ಇಷ್ಟುದ್ದದ ಹಾಯಿ ಬಿಡಿಸಿ ಹಾಸಲು
ಕೆಜಿಎಫ್‌ಗೆಲ್ಲ ಇದೊಂದೇ ಜಾಗ:
ಸೈನೈಡ್ ದಿಬ್ಬದ ಬುಡದ ಫುಟ್‌ಬಾಲ್ ಮೈದಾನ.
ಆಂಡರ್ಸನ್‌ಪೇಟೆಯಿಂದ ಇನಾಯತ್ ಸಾಬರು
ಮಿಷಿನ್ನನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದಾರೆ.
ಮೂವತ್ತು ವರ್ಷ ಲಾರಿ ಟಾರ್ಪಾಲು ಹೊಲಿದ ಕೈ
ಬಟ್ಟೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ,
"ಉಪ್ಪು ತಿಂದಿದೆಯಮ್ಮ ಇದು" ಅಂದರು.
ತಿಂದ ಮೇಲೆ ನೀರೂ ಕುಡಿದಿದೆ, ಸಾಬರೇ.

ಹರಿದದ್ದು ಅಂಡಮಾನಿನ ತೆಂಕಲಲ್ಲಿ, ರಾತ್ರಿ ಎರಡಕ್ಕೆ.
ಡೆನ್ಜಿಲ್ ಹಗ್ಗಕ್ಕೆ ಜೋತುಬಿದ್ದಿದ್ದ.
ನಾನು ಚುಕ್ಕಾಣಿ ಹಿಡಿದು
ನಮ್ಮ ಮುನೇಶ್ವರನಿಂದ ಅವನ ಅಜ್ಜಿಯ ಮಾತೆ ಮೇರಿವರೆಗೆ
ಎಲ್ಲರನ್ನೂ ಕೂಗಿದೆ.
ಯಾರು ಬಂದರೋ ಗೊತ್ತಿಲ್ಲ. ಬೆಳಗಾಯಿತು.

ಆರು ವರ್ಷದಿಂದ ಆ ದೋಣಿಯೇ ಮನೆ.
ಮೂವತ್ತೊಂದು ಅಡಿ. ಹೆಸರು ಬೇತಮಂಗಲ.
ಬಂದರಿನ ಗುಮಾಸ್ತರು ಪ್ರತಿ ಸಲ ಕೇಳುತ್ತಾರೆ,
ಯಾವ ದೇವತೆ ಇದು?
ಕೆರೆ ಸ್ವಾಮಿ, ಅನ್ನುತ್ತೇನೆ,
ನಮ್ಮ ಬೀದಿ ನಲ್ಲಿಗೆ ನೀರು ಬರುತ್ತಿದ್ದ ಕೆರೆ.
ಬರದ ದಿನ ಬೈಸಿಕೊಳ್ಳುತ್ತಿದ್ದ ಕೆರೆ.

ಕಡಲಲ್ಲಿ ಬದುಕಲು ಈಜು ಬೇಕು,
ನಕ್ಷತ್ರ ಗೊತ್ತಿರಬೇಕು ಅಂತಾರೆ.
ನನಗೆ ಗೊತ್ತಿದ್ದದ್ದು ಬಿಂದಿಗೆ.
ಚಾಂಪಿಯನ್ ರೀಫ್ಸಿನ ಲೈನ್ ಮನೆಯಲ್ಲಿ
ಏಳು ಜನಕ್ಕೆ ನಾಲ್ಕು ಬಿಂದಿಗೆ;
ಅಕ್ಕಿ ತೊಳೆದದ್ದು ಸೊಪ್ಪಿಗೆ, ಸೊಪ್ಪು ತೊಳೆದದ್ದು ಪಾತ್ರೆಗೆ,
ಪಾತ್ರೆಯದು ದಾಸವಾಳದ ಬುಡಕ್ಕೆ.
ಹಾಗಾಗಿ ಇನ್ನೂರು ಲೀಟರಿನ ಟ್ಯಾಂಕಿನಲ್ಲಿ
ಇಬ್ಬರು ಇಪ್ಪತ್ತಾರು ದಿನ.
ಉಪ್ಪುನೀರಲ್ಲಿ ಮಿಂದು, ಒಂದು ಚೊಂಬು ಸಿಹಿನೀರು ನೆತ್ತಿಗೆ.
ಅನ್ನದ ಎಸರಿಗೆ ಮೂರರಲ್ಲೊಂದು ಪಾಲು ಕಡಲು.
ಪಕ್ಕದ ದೋಣಿಯವರು ಹನ್ನೆರಡನೇ ದಿನಕ್ಕೇ
ಕ್ಯಾನು ಹಿಡಿದು ಬಂದಾಗ ಕೊಟ್ಟೆ, ಎರಡು ಚೊಂಬು.
ಮೂರನೆಯದಕ್ಕೆ
ನಮ್ಮಮ್ಮನ ಮುಖ ಮಾಡಿದೆ.

ದ್ವೀಪಗಳು ಚೆಂದವೇ.
ಚೆಂದ ನೋಡಲು ಸಿಗುವುದು ದಿನಕ್ಕೆ ಕಾಲು ಗಂಟೆ.
ಉಳಿದಂತೆ ತುಕ್ಕು, ಬೂಷ್ಟು, ಪಂಪಿಗೆ ಸಿಕ್ಕ ನನ್ನದೇ ಕೂದಲು,
ದೋಣಿಯ ಹೊಟ್ಟೆಗೆ ಅಂಟಿದ ಚಿಪ್ಪು ಹೆರೆಯುವುದು,
ಬಲೆಚೀಲದ ಈರುಳ್ಳಿ ಮೊಳೆತಿತಾ ನೋಡುವುದು,
ಗಾಳಿ ತಿರುಗಿತಾ ಲಂಗರು ಜಾರಿತಾ ಎಂದು
ಒಂದು ಕಿವಿಯನ್ನು ಕಾವಲಿಗಿಟ್ಟು ಮಲಗುವುದು.
ಆ ಕಿವಿ ಇಲ್ಲೂ ಮಲಗುವುದಿಲ್ಲ.
ತಂಗಿಯ ಮನೆಯ ಮಂಚ ಮಿಸುಕದೆ ನಿಂತಿದೆ,
ಅದಕ್ಕೇ ಬೆಚ್ಚಿ ಏಳುತ್ತೇನೆ:
ತಳ ನೆಲಕ್ಕೆ ತಟ್ಟಿತಾ?

ಅಪ್ಪ ಗಣಿಯಲ್ಲಿ ಪಂಪು ನೋಡುತ್ತಿದ್ದ, ಪಿಳ್ಳಪ್ಪ,
ನಂಬರ್ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದ.
ಹೋಗುವ ಮುಂಚಿನ ವರ್ಷ ಫೋನಿನಲ್ಲಿ ಕೇಳಿದ,
"ಈಗ ನಿನ್ನ ಕಾಲ ಕೆಳಗೆ ಎಷ್ಟಿದೆ ನೀರು?"
ನಕ್ಷೆ ನೋಡಿ ಹೇಳಿದೆ, ಎರಡು ಸಾವಿರ ಮೀಟರ್.
ಅಡಿಗೆ ಇಳಿಸಿ, ಲೆವೆಲ್ಲಿಗೆ ಇಳಿಸಿ ಲೆಕ್ಕ ಹಾಕಿ
"ನಾನು ಅದಕ್ಕಿಂತ ಕೆಳಗಿದ್ದೆ" ಅಂದ, ಗೆದ್ದವನ ಹಾಗೆ.
ಲೈನು ಸ್ವಲ್ಪ ಹೊತ್ತು ಗೊರಗೊರ ಅಂತು.
"ಈಗ ಅಲ್ಲೂ ನೀರೇ. ಪಂಪು ನಿಲ್ಲಿಸಿಬಿಟ್ಟರಲ್ಲ."

ಮೂರು ಗಂಟೆಗೆ ಕೊನೆಯ ಹೊಲಿಗೆ.
ಬಿಳಿ ಬಟ್ಟೆ ಸಾಲದೆ ಲಾರಿಯ ಹಸಿರು ತೇಪೆ,
ಮೇಲೆ ಅಳಿಸಿಹೋಗದ ಅರ್ಧ ಫೋನ್ ನಂಬರ್.
ಅಷ್ಟರಲ್ಲಿ ದಿಬ್ಬ ದಾಟಿ ಬಂತು ಆಷಾಢದ ಗಾಳಿ.
ಹಾಯಿ ಎದ್ದಿತು.
ಅಂಚು ಹಿಡಿದಿದ್ದ ಹನ್ನೊಂದು ಹುಡುಗರು, ಗೋಲಿಯ ಸಮೇತ,
ಮಧ್ಯದ ಗೆರೆಯಿಂದ ಪೆನಾಲ್ಟಿವರೆಗೆ ಜಾರಿದರು.
ಸಾಬರು ಮಿಷಿನ್ನನ್ನು ಅಪ್ಪಿಕೊಂಡರು.
ಊರವರೆಲ್ಲ "ಹಿಡೀರೋ, ಬಿಗಿಯಾಗಿ ಹಿಡೀರೋ";
ನಾನೊಬ್ಬಳೇ "ಬಿಡಿ, ಸಡಿಲ ಬಿಡಿ".
ಬಿಟ್ಟರು. ಮಲಗಿತು.

ಮಡಿಚುವಾಗ ಮಡಿಕೆಯಿಂದ ಉದುರಿತು
ಬಿಳಿಯದೊಂದು ಪುಡಿ:
ಅಲ್ಲಿಯ ಉಪ್ಪೋ, ಇಲ್ಲಿಯ ದಿಬ್ಬವೋ.
ಅಭ್ಯಾಸ ನೋಡಿ, ಬೆರಳಿಗೆ ಹಚ್ಚಿ ನಾಲಗೆಗೆ ಒಯ್ದಿದ್ದೆ.
"ಅಯ್ಯೋ ಸೈನೈಡಮ್ಮಾ!" ಅಂತ ಸಾಬರು ಕೈ ಹಿಡಿದರು,
ಹಿಡಿದ ಕೈಗೇ
ಮುನ್ನೂರೈವತ್ತು ಕೇಳಿದರು, ಆಟೋದ್ದು ಬೇರೆ.